ಬೇಕರಿಯ ‘ಶಾರ್ಕ್’ ಗೇಣುದ್ದಕ್ಕೇ ನಿಂತಿದ್ದೇಕೆ?

ಬಸ್ ಸ್ಟ್ಯಾಂಡ್ ಎದುರಿನ ಬೇಕರಿಗೆ ಹೋಗಿ ಬರುವವರಿಗೆಲ್ಲ ಆ ಮೀನು ಗೊತ್ತು. ಗಲ್ಲಾಪೆಟ್ಟಿಗೆಯ ಬಲಗಡೆ, ಖಾರದ ಡಬ್ಬಗಳ ಸಾಲು ಮುಗಿಯುವ ಕಡೆ, ಎರಡಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ನೀಲಿ ಬಣ್ಣ ಬಳಿದ ಜಲ್ಲಿ, ಒಂದು ಪ್ಲಾಸ್ಟಿಕ್ ಗಿಡ, ಗುಳುಗುಳು ಗಾಳಿ ಬಿಡುವ ಒಂದು ನಳಿಗೆ, ಮತ್ತು ಗೇಣುದ್ದದ ಒಂದು ಬೂದು ಮೀನು. ಸಂಜೆ ಆರರ ಬಸ್ಸಿಗೆ ಕಾಯುವವರು ಟೀ ಹೀರುತ್ತಾ ಅದನ್ನೇ ನೋಡುತ್ತಾರೆ. ಮಕ್ಕಳು ಗಾಜಿಗೆ ಬೆರಳು ಬಡಿಯುತ್ತಾರೆ. ಬಡಿದಾಗಲೆಲ್ಲ ಮೀನು ಬೆಚ್ಚಿಬಿದ್ದು ಆ ಕೊನೆಯಿಂದ ಈ ಕೊನೆಗೆ ನುಗ್ಗಿ ಗಾಜಿಗೆ ಮೂತಿ ಕುಟ್ಟಿಕೊಳ್ಳುತ್ತದೆ. ನೋಡಿದವರಿಗೆ ನಗು.

‘ಇದು ಶಾರ್ಕ್ ಸಾರ್. ನಾಕು ವರ್ಷ ಆಯ್ತು ತಂದು. ಎರಡಿಂಚಿತ್ತು. ಈಗ ನೋಡಿ, ಎಷ್ಟು ಬೇಕೋ ಅಷ್ಟೇ ಬೆಳೆದು ನಿಂತಿದೆ. ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯೋದು. ದೇವರು ಕೊಟ್ಟ ಬುದ್ಧಿ!’ ಎಂದು ಯಜಮಾನರು ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದರು.

ಹೇಳುತ್ತಿದ್ದರು ಎನ್ನಲು ಕಾರಣವಿದೆ. ಒಂದು ಸಂಜೆ ಮೊಪೆಡ್ಡಿನಲ್ಲಿ ಮೀನು ಮಾರುವವನೊಬ್ಬ ಬನ್ನು ಕಟ್ಟಿಸಿಕೊಳ್ಳಲು ಬಂದು ತೊಟ್ಟಿಗೆ ಕಣ್ಣು ಹಾಕಿದ. ಹಾಕಿದವನು ಹಾಗೇ ನಿಂತ.

‘ಅಣ್ಣಾ, ಇದು ಶಾರ್ಕೂ ಅಲ್ಲ, ಗೀರ್ಕೂ ಅಲ್ಲ. ನಾನು ದಿನಾ ಮಾರೋ ಮೀನೇ ಇದು. ನನ್ನ ಪೆಟ್ಟಿಗೆಗೆ ಬರೋಷ್ಟೊತ್ತಿಗೆ ಒಂದು ಕೇಜಿ, ಒಂದೂವರೆ ಕೇಜಿ ಇರುತ್ತೆ. ಅದೂ ಒಂದೇ ವರ್ಷಕ್ಕೆ! ನಿಮ್ಮದು ನಾಕು ವರ್ಷದ್ದು ಅಂತೀರ. ನೂರು ಗ್ರಾಂ ತೂಗಿದ್ರೆ ಹೆಚ್ಚು!’

ಬೇಕರಿಯಲ್ಲಿ ಒಂದು ಕ್ಷಣ ಮಾತೇ ಇಲ್ಲ. ತೂಕದ ಲೆಕ್ಕ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲವಷ್ಟೆ.

ಹೆಸರು ಶಾರ್ಕ್, ಜಾತಿ ಮೀಸೆ ಮೀನು

ಮೊಪೆಡ್ಡಿನವನ ಮಾತು ಸುಳ್ಳಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ‘ಶಾರ್ಕ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಮೀನಿಗೂ ಸಮುದ್ರದ ಶಾರ್ಕಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಮರಿಯಾಗಿದ್ದಾಗ ಬೆನ್ನ ಮೇಲೆ ನೆಟ್ಟಗೆ ನಿಲ್ಲುವ ರೆಕ್ಕೆಯನ್ನೂ, ಮಿರಮಿರ ಮಿಂಚುವ ಮೈಯನ್ನೂ ನೋಡಿ ವ್ಯಾಪಾರಕ್ಕೆಂದು ಇಟ್ಟ ಹೆಸರದು. ಜಾತಿಯಲ್ಲಿ ಇದು ಮೀಸೆ ಮೀನು. ಮೈಮೇಲೆ ಹುರುಪೆ ಇಲ್ಲ. ಬಾಯ ಬಳಿ ಸಣ್ಣ ಮೀಸೆ ಇದೆ. ಕೆರೆ ಹೊಳೆಗಳ ಬಾಳೆ ಮೀನು, ಮುರುಗೋಡು, ಚೇಳು ಮೀನು ಎಲ್ಲ ಇದೇ ದೊಡ್ಡ ಬಳಗದವು.

ಶಾಸ್ತ್ರದಲ್ಲಿ ಇದರ ಹೆಸರು ಪಂಗಾಸಿಯನೋಡಾನ್ ಹೈಪೋಫ್ಥಾಲ್ಮಸ್. ಬಾಯಿ ತಿರುಗದವರು ಪಂಗಾಸಿಯಸ್ ಎನ್ನುತ್ತಾರೆ. ಹೋಟೆಲಿನ ತಟ್ಟೆಯಲ್ಲಿ ಮುಳ್ಳಿಲ್ಲದ ಬಿಳಿ ತುಂಡಾಗಿ ‘ಬಾಸಾ’ ಎಂದು ಬರುವುದೂ ಬಹುಪಾಲು ಇದೇ. ಇದರ ತವರು ಥಾಯ್ಲೆಂಡ್, ಲಾವೋಸ್, ಕಾಂಬೋಡಿಯ, ವಿಯೆಟ್ನಾಂಗಳಲ್ಲಿ ಹರಿಯುವ ಮೆಕಾಂಗ್ ನದಿ ಮತ್ತು ಥಾಯ್ಲೆಂಡಿನ ಚಾವೊ ಫ್ರಾಯ. ಅಲ್ಲಿ ಇದು ಹಿಂಡು ಕಟ್ಟಿಕೊಂಡು ಮೊಟ್ಟೆ ಇಡಲು ಹೊಳೆಯುದ್ದಕ್ಕೂ ದೂರ ದೂರ ವಲಸೆ ಹೋಗುವ ಮೀನು. ಪೂರಾ ಬೆಳೆದರೆ 130 ಸೆಂಟಿಮೀಟರ್ ಉದ್ದ, 44 ಕಿಲೋ ತೂಕದವರೆಗೂ ಹೋದ ದಾಖಲೆ ಇದೆ. ಅಂದರೆ ನಾಲ್ಕಡಿ ದಾಟಿದ ಮೀನು! ಇದರ ದೊಡ್ಡಪ್ಪನ ಮಗ ಎನ್ನಬಹುದಾದ ಮೆಕಾಂಗ್ ದೈತ್ಯ ಮೀಸೆ ಮೀನೊಂದು 2005ರಲ್ಲಿ ಥಾಯ್ಲೆಂಡಿನ ಬೆಸ್ತರ ಬಲೆಗೆ ಬಿತ್ತು. ತೂಗಿದರೆ 293 ಕಿಲೋ.

ಭಾರತಕ್ಕೆ ಪಂಗಾಸಿಯಸ್ ಸಾಕಣೆ ಬಂದದ್ದು 1990ರ ದಶಕದಲ್ಲಿ, ಬಾಂಗ್ಲಾದೇಶದ ಕಡೆಯಿಂದ ಪಶ್ಚಿಮ ಬಂಗಾಳಕ್ಕೆ. ಅಲ್ಲಿಂದ ಆಂಧ್ರದ ಕೊಳಗಳಿಗೆ ಇಳಿದು ಭಾರೀ ಉದ್ದಿಮೆಯೇ ಆಯಿತು. ಕೊಳದಲ್ಲಿ ಹತ್ತು ಹನ್ನೆರಡು ತಿಂಗಳಿಗೆ ಒಂದು ಕಿಲೋ ದಾಟುವ ಈ ಮೀನೇ ಬೇಕರಿ ತೊಟ್ಟಿಯಲ್ಲಿ ನಾಲ್ಕು ವರ್ಷಕ್ಕೆ ಒಂದು ಗೇಣು!

‘ತೊಟ್ಟಿಗೆ ತಕ್ಕ ಮೀನು’

ತೊಟ್ಟಿ ನೋಡಿ ಮೀನು ತನ್ನ ಬೆಳವಣಿಗೆ ನಿಲ್ಲಿಸಿಕೊಳ್ಳುತ್ತದೆ ಎಂಬುದು ಅಕ್ವೇರಿಯಂ ಲೋಕದ ಹಳೆಯ ನಂಬಿಕೆ. ಮಾರುವವರಿಗೂ ಅನುಕೂಲ, ಕೊಳ್ಳುವವರಿಗೂ ಸಮಾಧಾನ. ಹಾಗಾಗಿಯೇ ಅದು ಇಷ್ಟು ಕಾಲ ಬಾಳಿದೆ.

ನಿಜವೇನೆಂದರೆ ಮೀನಿಗೆ ಅಳತೆ ಪಟ್ಟಿ ಗೊತ್ತಿಲ್ಲ. ಮನುಷ್ಯರಂತೆ ಒಂದು ವಯಸ್ಸಿಗೆ ಬೆಳವಣಿಗೆ ನಿಲ್ಲಿಸುವ ಪ್ರಾಣಿಯೂ ಅಲ್ಲ. ಹೆಚ್ಚಿನ ಮೀನುಗಳು ಬದುಕಿರುವಷ್ಟು ಕಾಲ, ನಿಧಾನಕ್ಕಾದರೂ, ಬೆಳೆಯುತ್ತಲೇ ಇರುತ್ತವೆ. ಹಾಗಿರುವಾಗ ಎಳೆಯ ಮೀನೊಂದು ಗೇಣುದ್ದಕ್ಕೇ ನಿಂತಿತೆಂದರೆ ಅದು ಹೊಂದಿಕೊಂಡಿದೆ ಎಂದರ್ಥವಲ್ಲ. ಅದರ ಬೆಳವಣಿಗೆಯನ್ನು ಏನೋ ಹಿಡಿದು ನಿಲ್ಲಿಸಿದೆ ಎಂದರ್ಥ. ಊಟ, ಗಾಳಿ ಸರಿಯಿಲ್ಲದ ಕಡೆ ಮಗು ಬೆಳೆಯದಿದ್ದರೆ ‘ಮನೆ ಚಿಕ್ಕದು, ಅದಕ್ಕೇ ಮಗು ಚಿಕ್ಕದಾಗಿದೆ’ ಎಂದು ಯಾರಾದರೂ ಹೆಮ್ಮೆ ಪಡುತ್ತಾರೆಯೇ?

ಇದರ ಬಾಲಕ್ಕೆ ಇನ್ನೊಂದು ಕಥೆಯೂ ಇದೆ. ಮೈ ನಿಂತರೂ ಒಳಗಿನ ಅಂಗಾಂಗ ಬೆಳೆಯುತ್ತಲೇ ಹೋಗಿ ಮೀನು ಒಡೆದು ಸಾಯುತ್ತದಂತೆ. ಅದಕ್ಕೂ ಆಧಾರವಿಲ್ಲ. ನಡೆಯುವುದು ಅದಕ್ಕಿಂತ ಸಪ್ಪೆ, ಆದರೆ ಅದಕ್ಕಿಂತ ದೀರ್ಘವಾದ ಹಿಂಸೆ.

ಮೂರು ಕೊಡ ನೀರಿನ ಲೆಕ್ಕ

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 56 ಲೀಟರ್. ಜಲ್ಲಿಕಲ್ಲು ಹಾಕಿ, ಮೇಲೆ ನಾಲ್ಕು ಬೆರಳು ಬಿಟ್ಟರೆ ಉಳಿಯುವುದು ಮೂರು ಕೊಡ ನೀರು. ಮೀನಿಗೆ ಅದೇ ಊಟದ ಮನೆ, ಅದೇ ಬಚ್ಚಲು, ಅದೇ ಕಕ್ಕಸು.

ಮೀನು ತಿಂದದ್ದರ ಕಸ ಅಮೋನಿಯ ರೂಪದಲ್ಲಿ ಬಹುಪಾಲು ಕಿವಿರಿನಿಂದಲೇ ನೀರಿಗೆ ಸೇರುತ್ತದೆ. ಅಮೋನಿಯ ವಿಷ. ತಿನ್ನದೆ ಉಳಿದ ಚೂರು ಕೊಳೆತರೂ ಅಮೋನಿಯವೇ. ಗಡಸಾದ, ಕ್ಷಾರ ಹೆಚ್ಚಿರುವ ಬೋರ್ ನೀರಿನಲ್ಲಿ ಅದರ ಉಗ್ರತೆ ಇನ್ನೂ ಹೆಚ್ಚು. ಜಲ್ಲಿಯಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಂಡಿರುವ ಒಳ್ಳೆಯ ಬ್ಯಾಕ್ಟೀರಿಯಗಳು ಈ ಅಮೋನಿಯವನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಆದರೆ ದಿನೇ ದಿನೇ ಕೂಡುತ್ತಾ ಹೋದರೆ ಮೀನಿನ ಹಸಿವು ಕುಂದುತ್ತದೆ, ಬೆಳವಣಿಗೆ ಕುಗ್ಗುತ್ತದೆ. ಇಂಥ ಚಿಕ್ಕ ತೊಟ್ಟಿಯಲ್ಲಿ ಅದನ್ನು ಹೊರಗೆ ಹಾಕಲು ಸುಲಭದ ದಾರಿ ಒಂದೇ: ನೀರು ಬದಲಾಯಿಸುವುದು.

ಬೇಕರಿಯಲ್ಲಿ ಆಗುತ್ತಿದ್ದದ್ದೇನು? ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಆಫ್. ಬೆಳಗಿನವರೆಗೆ ಪಂಪೂ ಇಲ್ಲ, ಗಾಳಿಯೂ ಇಲ್ಲ. ಗಾಳಿ ಇಲ್ಲದೆ ಆ ಒಳ್ಳೆಯ ಬ್ಯಾಕ್ಟೀರಿಯಗಳು ಸೊರಗುತ್ತವೆ. ಇನ್ನು ತಿಂಗಳಿಗೊಮ್ಮೆ ಹುಡುಗರು ಇಡೀ ತೊಟ್ಟಿ ಬರಿದು ಮಾಡಿ, ಜಲ್ಲಿಯನ್ನು ಸೋಪಿನ ಪುಡಿ ಹಾಕಿ ಉಜ್ಜಿ, ನಲ್ಲಿ ನೀರು ನೇರವಾಗಿ ತುಂಬುತ್ತಿದ್ದರು. ಉಳಿದ ಬ್ಯಾಕ್ಟೀರಿಯವೂ ಅಲ್ಲಿಗೆ ಸಮಾಪ್ತಿ. ಮೇಲಾಗಿ ನಲ್ಲಿ ನೀರಿನ ಕ್ಲೋರಿನ್. ಗಾಜು ಫಳಫಳ, ಮೀನಿಗೆ ಮತ್ತೆ ಮೊದಲಿಂದ ಯಾತನೆ.

ಹಾಗಾದರೆ ಮೀನು ಸಾಯಲಿಲ್ಲ ಏಕೆ? ಪ್ರಶ್ನೆ ಸರಿಯಾದದ್ದೇ. ಗುಟ್ಟು ಇರುವುದೂ ಅಲ್ಲೇ. ಪಂಗಾಸಿಯಸ್ ಮೀನು ನೀರಿನಲ್ಲಿ ಆಮ್ಲಜನಕ ಸಾಲದಿದ್ದರೆ ಮೇಲೆ ಬಂದು ಬಾಯಿ ತುಂಬ ಗಾಳಿ ನುಂಗುತ್ತದೆ. ಹೊಟ್ಟೆಯೊಳಗಿನ ಗಾಳಿಚೀಲವೇ ಅದಕ್ಕೆ ಅರ್ಧ ಶ್ವಾಸಕೋಶ. ಬೇರೆ ಮೀನುಗಳು ಮೂರು ದಿನಕ್ಕೆ ತೇಲಿಬಿಡುವ ನೀರಿನಲ್ಲೂ ಇದು ಉಸಿರು ಹಿಡಿದು ವರ್ಷಗಟ್ಟಲೆ ದೂಡುತ್ತದೆ. ಸಾಯಲಿಲ್ಲವಲ್ಲ, ಚೆನ್ನಾಗಿಯೇ ಇದೆ ಎಂದುಕೊಳ್ಳುತ್ತಾರೆ ಸಾಕಿದವರು. ಜೀವ ಹಿಡಿದುಕೊಂಡಿರುವುದೇ ಬೇರೆ, ಬಾಳುವುದೇ ಬೇರೆ.

ಹೆದರಿಕೆಯೂ ಬೆಳವಣಿಗೆ ತಿನ್ನುತ್ತದೆ

ಇದು ಹಿಂಡಿನ ಮೀನು, ಪುಕ್ಕಲು ಮೀನು. ಹೊಳೆಯಲ್ಲಿ ಹೆದರಿದರೆ ನೂರಾರು ಮಾರು ಓಡಬಹುದು. ತೊಟ್ಟಿಯಲ್ಲಿ ಎರಡಡಿಗೆ ಗಾಜು. ಒಂಟಿಯಾಗಿ, ಅಡಗಲು ಮರೆಯಿಲ್ಲದೆ, ಮೂರು ಕಡೆಯಿಂದ ಟ್ಯೂಬ್‌ಲೈಟು, ಬಸ್ಸಿನ ಹಾರನ್ನು, ಮಕ್ಕಳ ಬೆರಳು. ಇಂಥ ಕಡೆ ಮೀನಿನ ಮೈಯಲ್ಲಿ ಕಾರ್ಟಿಸಾಲ್ ಎಂಬ ರಸ ಸದಾ ಏರಿಯೇ ಇರುತ್ತದೆ. ಗಾಬರಿಯಾದಾಗ ಮನುಷ್ಯರ ಮೈಯಲ್ಲೂ ಏರುವ ರಸವೇ ಅದು. ಗಳಿಗೆ ಹೊತ್ತು ಏರಿ ಇಳಿದರೆ ತೊಂದರೆಯಿಲ್ಲ. ತಿಂಗಳುಗಟ್ಟಲೆ ಇಳಿಯದಿದ್ದರೆ ಮೈ ಬೆಳೆಸುವ ಹಾರ್ಮೋನುಗಳ ಕೆಲಸ ಕುಂಠಿತವಾಗುತ್ತದೆ, ರೋಗ ತಡೆಯುವ ಶಕ್ತಿ ಇಳಿಯುತ್ತದೆ. ತಿಂದದ್ದೆಲ್ಲ ಗಾಬರಿಗೇ ಖರ್ಚು. ಬಡ್ಡಿಗೇ ಹೋಗಿ ಅಸಲು ಹಾಗೇ ಉಳಿದ ಸಾಲದಂತೆ!

ಬ್ರೆಡ್ಡಿನ ಚೂರು, ಹಳೇ ಮೇವು

ತಿನ್ನುವುದಾದರೂ ಏನನ್ನು? ಬೇಕರಿಯೆಂದ ಮೇಲೆ ಬ್ರೆಡ್ಡಿನ ಚೂರು, ಖಾರಾ ಬೂಂದಿ, ಗಿರಾಕಿ ಮಕ್ಕಳು ಹಾಕುವ ಬಿಸ್ಕತ್ತು. ಸಾಕಣೆಯವರು ಪಂಗಾಸಿಯಸ್ ಮೀನಿಗೆ ಹಾಕುವ ಮೇವಿನಲ್ಲಿ ಸುಮಾರು ಶೇಕಡಾ 25ರಿಂದ 30 ಭಾಗ ಪ್ರೋಟೀನ್ ಇರುತ್ತದೆ. ಬ್ರೆಡ್ಡಿನಲ್ಲಿ ಅದರ ಅರ್ಧವೂ ಇಲ್ಲ.

ಇನ್ನೊಂದು ವಿಷಯ. ಮನುಷ್ಯರಂತೆ ಈ ಮೀಸೆ ಮೀನುಗಳೂ ಸಿ ಜೀವಸತ್ವವನ್ನು ಮೈಯಲ್ಲಿ ತಯಾರಿಸಿಕೊಳ್ಳಲಾರವು. ಮೇವಿನಿಂದಲೇ ಸಿಗಬೇಕು. ಸಿಗದಿದ್ದರೆ ಬೆನ್ನೆಲುಬು ಸೊಟ್ಟಗಾಗುತ್ತದೆ. ಅಮೆರಿಕದ ಮೀಸೆ ಮೀನು ಸಾಕಣೆಯವರು ಇದನ್ನು ‘ಬೆನ್ನು ಮುರುಕ ರೋಗ’ ಎಂದೇ ಕರೆದರು. ಡಬ್ಬ ತೆರೆದು ತಿಂಗಳುಗಟ್ಟಲೆ ಬಿಸಿಲು, ಸೆಕೆಯಲ್ಲಿಟ್ಟ ಮೇವಿನಲ್ಲಿ ಮೊದಲು ಹಾಳಾಗುವುದು ಈ ಜೀವಸತ್ವವೇ. ಪ್ಲಾಸ್ಟಿಕ್ ಕವರಿನಲ್ಲಿ ಬಿಡಿಯಾಗಿ ಕಟ್ಟಿಕೊಡುವ ಕಾಳಿನ ಮೇವು ಎಷ್ಟು ಹಳೆಯದೋ ಯಾರು ಕೇಳುತ್ತಾರೆ? ಬೇಕರಿಯ ಮೀನನ್ನು ಮೇಲಿನಿಂದ ನೋಡಿದರೆ ಬಾಲದ ಬಳಿ ಬೆನ್ನು ಸ್ವಲ್ಪ ಡೊಂಕು. ‘ಅದು ಹಂಗೇ ಸಾರ್, ಸ್ಟೈಲು’ ಎನ್ನುತ್ತಾನೆ ಸಪ್ಲೈ ಮಾಡುವ ಹುಡುಗ.

ಆಂಧ್ರದವರಿಗೆ ಗೊತ್ತಿರುವ ಲೆಕ್ಕ

ಇಕ್ಕಟ್ಟು ಮತ್ತು ಅರೆಹೊಟ್ಟೆಯಿಂದ ಮೀನು ಕುಳ್ಳಾಗುತ್ತದೆ ಎಂಬುದಕ್ಕೆ ಪ್ರಯೋಗಶಾಲೆಗೇ ಹೋಗಬೇಕಿಲ್ಲ. ಆಂಧ್ರದ ಕೊಲ್ಲೇರು ಸರೋವರದ ಸುತ್ತಲ ಮೀನು ಸಾಕಣೆಯವರು ಇದನ್ನು ಬೇಕೆಂದೇ ಮಾಡುತ್ತಾರೆ. ಕಾಟ್ಲಾ, ರೋಹು ಮರಿಗಳನ್ನು ಒಂದೇ ಕೊಳದಲ್ಲಿ ಒತ್ತೊತ್ತಾಗಿ ಬಿಟ್ಟು, ಹಿಡಿತದ ಮೇವು ಹಾಕಿ ಒಂದು ವರ್ಷದ ಹತ್ತಿರ ಕುಳ್ಳಾಗಿಯೇ ಇಡುತ್ತಾರೆ. ಆಮೇಲೆ ದೊಡ್ಡ ಕೊಳಕ್ಕೆ ಬಿಟ್ಟು ಹೊಟ್ಟೆ ತುಂಬ ಹಾಕಿದರೆ ಆ ಮರಿಗಳು ಹಸಿದು ಬಂದ ನೆಂಟರಂತೆ ತಿಂದು ಭರಭರ ಬೆಳೆಯುತ್ತವೆ.

ಇದರಿಂದ ತಿಳಿಯಬೇಕಾದ್ದು ಎರಡು. ಒಂದು, ಕುಳ್ಳಾಗುವುದು ಮೀನಿನ ಬುದ್ಧಿಯಲ್ಲ, ಇಕ್ಕಟ್ಟಿನ ಫಲ. ಎರಡು, ಎಳೆಯದಾಗಿರುವಾಗಲೇ ಜಾಗ, ನೀರು, ಮೇವು ಕೊಟ್ಟರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದರೆ ಕೆಟ್ಟ ನೀರಿನಲ್ಲಿ ವರ್ಷಾನುಗಟ್ಟಲೆ ಕಳೆದು ಬೆನ್ನು ಡೊಂಕಾದ ಮೇಲೆ ಆ ಎಲುಬು ಮತ್ತೆ ನೆಟ್ಟಗಾಗುವುದಿಲ್ಲ. ಬೇಕರಿಯ ಮೀನು ಇನ್ನು ನಾಲ್ಕಡಿ ಆಗುತ್ತದೆಂಬ ಆಸೆ ಬೇಡ.

ಕೆರೆಗೆ ಬಿಟ್ಟರೆ ಪುಣ್ಯವೇ?

ಇಷ್ಟು ಕೇಳಿದ ಮೇಲೆ ಯಜಮಾನರ ಮನಸ್ಸು ಕರಗಿತು. ‘ಪಾಪ, ಶನಿವಾರ ಒಂದು ತೆಂಗಿನಕಾಯಿ ಒಡೆದು ಕೆರೆಗೆ ಬಿಟ್ಟುಬಿಡ್ತೀನಿ. ಎಲ್ಲಾದ್ರೂ ಬದುಕ್ಕೊಳ್ಳಲಿ’ ಎಂದರು.

ಮೊಪೆಡ್ಡಿನವನು ಎರಡೂ ಕೈ ಅಡ್ಡ ಹಿಡಿದ. ‘ಅದೊಂದು ಮಾಡ್ಬೇಡಿ ಅಣ್ಣಾ! ನಮ್ಮ ಹೊಟ್ಟೆ ಮೇಲೆ ಹೊಡೆದಂಗೆ.’

ಅವನ ಆತಂಕಕ್ಕೆ ಆಧಾರವಿದೆ. ಹೊರದೇಶದ ಮೀನುಗಳು ಕೆರೆ ಹೊಳೆ ಸೇರಿ ಮಾಡಿದ ಹಾವಳಿ ಕಣ್ಣೆದುರಿಗಿದೆ. ‘ಟ್ಯಾಂಕ್ ಕ್ಲೀನರ್’ ಎಂದು ಅಂಗಡಿಗಳಲ್ಲಿ ಬೆರಳುದ್ದ ಇರುವಾಗ ಮಾರುವ ದಕ್ಷಿಣ ಅಮೆರಿಕದ ಮೀಸೆ ಮೀನು ಬೆಳೆದರೆ ಒಂದೂಕಾಲು ಅಡಿ ದಾಟುತ್ತದೆ. ತೊಟ್ಟಿಯಲ್ಲಿ ಹಿಡಿಸದಾದಾಗ ಜನ ನೀರಿಗೆ ಬಿಟ್ಟರು. ಇವತ್ತು ಕೇರಳ, ಆಂಧ್ರ, ತಮಿಳುನಾಡು, ಪಶ್ಚಿಮ ಬಂಗಾಳಗಳ ಕಾಲುವೆ ಕೆರೆಗಳಲ್ಲಿ ಅದು ಸಂಸಾರ ಹೂಡಿದೆ. ಒರಟು ಮುಳ್ಳಿಗೆ ಸಿಕ್ಕಿ ಬೆಸ್ತರ ಬಲೆ ಹರಿಯುತ್ತದೆ. ದಡದಲ್ಲಿ ಬಿಲ ಕೊರೆಯುತ್ತದೆ. ಹಿಡಿದರೆ ಕೊಳ್ಳುವವರಿಲ್ಲ. ಇನ್ನು ಆಫ್ರಿಕದ ಮುರುಗೋಡು, ಊರ ಮೀನುಗಳನ್ನೇ ತಿಂದು ಹಾಕುವ ಜಾತಿ. ಅದರ ಸಾಕಣೆಯನ್ನೇ ಭಾರತದಲ್ಲಿ ನಿಷೇಧಿಸಲಾಗಿದೆ. ತೊಟ್ಟಿಯ ಮೀನಿನ ಮೈಯಲ್ಲಿರುವ ಹುಳು, ರೋಗ ಕೂಡ ಅದರ ಜೊತೆಗೇ ಕೆರೆಗೆ ಇಳಿಯುತ್ತದೆ. ಒಂದು ಮೀನಿನ ಬಿಡುಗಡೆಯ ಪುಣ್ಯಕ್ಕೆ ಕೆರೆಯ ಮೀನುಗಳೆಲ್ಲ ದಂಡ ತೆರಬೇಕೆ?

ನಿಯಮ ಬಂತು, ಹೋಯಿತು

ಇದನ್ನೆಲ್ಲ ಕೇಳುವವರು ಯಾರೂ ಇಲ್ಲವೇ? ಇದ್ದರು. 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮಾವಳಿ ಹೊರಡಿಸಿತು. ಮೀನು ಸಾಕಿ ಮಾರಿ ಬದುಕುವವರಿಂದ ಭಾರೀ ವಿರೋಧ ಬಂತು. ನಿಯಮಾವಳಿ ಹಿಂದಕ್ಕೆ ಹೋಯಿತು. ಬದುಕಿನ ಪ್ರಶ್ನೆ ಎತ್ತಿದವರದು ತಪ್ಪೆನ್ನುವಂತಿಲ್ಲ. ಆದರೆ ನಿಯಮ ಹೋಯಿತೆಂದು ಮೀನಿನ ಅಮೋನಿಯ ಕಡಿಮೆಯಾಗಲಿಲ್ಲ. ಅಲ್ಲಿಗೆ ಉಳಿದದ್ದು ಕೊಳ್ಳುವವರ ವಿವೇಕವೊಂದೇ.

ಅಂಗಡಿಯಲ್ಲಿ ತೊಟ್ಟಿ ಇಟ್ಟವರಿಗೆ

ವಾಸ್ತುವಿಗೆಂದು ಎಂಟು ಕೆಂಪು, ಒಂದು ಕಪ್ಪು ಮೀನು ಇಟ್ಟವರಿದ್ದಾರೆ. ಗಿರಾಕಿಯ ಕಣ್ಣಿಗೆಂದು ಇಟ್ಟವರಿದ್ದಾರೆ. ಇಟ್ಟ ಮೇಲೆ ಇಷ್ಟಾದರೂ ಮಾಡಬಹುದು.

ಪಂಪಿಗೆ ಪ್ರತ್ಯೇಕ ಲೈನು ಎಳೆಸಿ ಹಗಲು ರಾತ್ರಿ ಓಡಲು ಬಿಡಬೇಕು. 5 ವ್ಯಾಟಿನ ಪಂಪು ತಿಂಗಳಿಡೀ ಓಡಿದರೂ ನಾಲ್ಕು ಯೂನಿಟ್ ಆಗದು. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಅಷ್ಟೇ ಹೊಸ ನೀರು ಹಾಕಬೇಕು. ನಲ್ಲಿ ನೀರಾದರೆ ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದು ಬಾಯಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಇಡೀ ತೊಟ್ಟಿ ಬರಿದು ಮಾಡುವುದು, ಸೋಪು ಹಾಕುವುದು ಕೂಡದು. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು. ಮೇವು ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಚಿಕ್ಕ ಡಬ್ಬ ತಂದು ಬೇಗ ಮುಗಿಸಬೇಕು.

ಮೀಸೆ ಮೀನೇ ಬೇಕೆನ್ನುವವರಿಗೆ ಕೋರಿಡೋರಸ್ ಎಂಬ ಚಿಕ್ಕ ಜಾತಿಗಳಿವೆ. ಪೂರಾ ಬೆಳೆದರೂ ಎರಡು ಮೂರು ಇಂಚು. ಎರಡಡಿ ತೊಟ್ಟಿಯಲ್ಲಿ ಐದಾರು ಮೀನು ಜೊತೆಯಾಗಿ, ತಮ್ಮ ಪೂರಾ ಅಳತೆಗೆ ಬೆಳೆದು ಬಾಳಬಲ್ಲವು. ಗೊತ್ತಾಗದಿದ್ದರೆ ಜಿಲ್ಲೆಯ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿದರೆ ಹೇಳುವವರಿದ್ದಾರೆ.

ಬೇಕರಿಯಲ್ಲಿ ಈಗ ತೊಟ್ಟಿಯ ಪಂಪಿಗೆ ಬೇರೆ ಪ್ಲಗ್ಗು ಬಂದಿದೆ. ಹಿಂಬದಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿ ಮರೆ ಮಾಡಲಾಗಿದೆ. ಮುಂದೆ ಒಂದು ಚೀಟಿ: ‘ಗಾಜು ಬಡಿಯಬೇಡಿ. ಬಿಸ್ಕತ್ತು ಹಾಕಬೇಡಿ.’ ಮೊಪೆಡ್ಡಿನವನು ತನ್ನ ಪರಿಚಯದವರ ತೋಟದಲ್ಲಿ ನೀರು ಹೊರಗೆ ಹರಿಯದ ದೊಡ್ಡ ಸಿಮೆಂಟ್ ತೊಟ್ಟಿಯೊಂದಿದೆ, ಕೇಳಿ ನೋಡುತ್ತೇನೆ ಎಂದು ಹೋಗಿದ್ದಾನೆ. ಡೊಂಕು ಬೆನ್ನಿನ ಮೀನು ಅಲ್ಲಿಯವರೆಗೆ ಮೂರು ಕೊಡ ನೀರಿನಲ್ಲಿ ಕಾಯಬೇಕು.

ಯಜಮಾನರ ಮಾತೂ ಬದಲಾಗಿದೆ. ಮೊನ್ನೆ ಪಕ್ಕದ ಮೊಬೈಲ್ ಅಂಗಡಿಯವನು ಕವರಿನಲ್ಲಿ ನಾಲ್ಕು ‘ಶಾರ್ಕ್’ ಮರಿ ಹಿಡಿದುಕೊಂಡು ತೋರಿಸಲು ಬಂದ. ಎರಡೆರಡಿಂಚು, ಬೆಳ್ಳಿಯಂತೆ ಹೊಳೆಯುತ್ತಿದ್ದವು. ಯಜಮಾನರು ದರ ಕೇಳಲಿಲ್ಲ.

‘ಇವು ಬೆಳೆದ್ರೆ ಎಷ್ಟುದ್ದ ಆಗುತ್ತೆ ಅಂತ ಕೇಳಿದ್ಯೇನಪ್ಪಾ?’ ಎಂದರು.

ಅವನು ಕೇಳಿರಲಿಲ್ಲ.